ಉಸಿರು ಹೆಚ್ಚಾಯ್ತು

ನಮ್ಮ ಅತ್ತೆ ಬೀಳುವ ಹಿಂದಿನ ದಿನ ಶುಕ್ರವಾರ. ಶುಕ್ರವಾರ ನಮ್ಮ ಬಳೆ ಅಂಗಡಿಯಲ್ಲಿ ನೀರು ಕುಡಿಯಲೂ ಪುರುಸೊತ್ತು ಇರುತ್ತಿರಲಿಲ್ಲ. ಅಂಗಡಿ ಅಂದರೆ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ, ಹೂವಿನವರ ಸಾಲು ಮುಗಿಯುವ ಕಡೆ, ಇಬ್ಬರು ಕಾಲು ಮಡಚಿ ಕೂತರೆ ತುಂಬಿಹೋಗುವ ಒಂದು ಗೂಡು. ಒಳಗೆ ಅತ್ತೆ, ಹೊರಗಿನ ಹಲಗೆಯ ಮೇಲೆ ನಾನು. ಅವರು ಬಳೆ ತೊಡಿಸುವವರು. ನಾನು ಡಬ್ಬಿ ತೆಗೆದುಕೊಡುವವಳು, ಜೊತೆಗೆ ಅವರ ಕಿವಿ.

ಕಿವಿ ಎಂದದ್ದು ತಮಾಷೆಗಲ್ಲ. ಅತ್ತೆಗೆ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಒಂದು ತರಹದ ಸ್ವರದಲ್ಲಿ ಹೇಳಿದರೆ ಕೇಳಿಸುತ್ತಿತ್ತು. ಕಿರುಚಬಾರದು, ಕಿರುಚಿದರೆ ಏನೂ ತಿಳಿಯುತ್ತಿರಲಿಲ್ಲ; ಪಿಸುಗುಟ್ಟಲೂಬಾರದು. ಆ ಸ್ವರ ನನಗೆ ಮದುವೆಯಾಗಿ ಬಂದ ಮೇಲೆ ಅಂಗಡಿಯ ಗದ್ದಲದಲ್ಲಿ ತಾನಾಗಿ ಬಂದದ್ದು. ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಅದು ಬರಲೇ ಇಲ್ಲ. ಕಿವಿಗೆ ಹಾಕುವ ಮೆಷಿನ್ ಕೊಡಿಸಿದ್ದೆವು. ಅದರಲ್ಲಿ ಆಟೋಗಳ ಶಬ್ದ ಬಿಟ್ಟು ಇನ್ನೇನೂ ಕೇಳುವುದಿಲ್ಲ ಎಂದು ಅತ್ತೆ ಅದನ್ನು ಗಾಜಿನ ಬಳೆಯ ಡಬ್ಬಿಯೊಂದರಲ್ಲಿ ಇಟ್ಟುಬಿಟ್ಟಿದ್ದರು.

ಆ ಶುಕ್ರವಾರ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಅಕ್ಕನ ಮದುವೆಯಂತೆ. ಅತ್ತೆ ಅವಳ ಕೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಹೆಬ್ಬೆರಳ ಬುಡದ ಮೂಳೆಯನ್ನು ಒತ್ತುತ್ತಾ ಬಳೆ ಏರಿಸುತ್ತಿದ್ದರು.

"ಕೈ ಸಡಿಲ ಬಿಡೇ. ನಾನೇನು ಕಿತ್ಕೊಂಡು ಮನೆಗೆ ತಗೊಂಡ್ಹೋಗ್ತೀನಾ?"

"ನೋಯ್ತಿದೆ ಅಜ್ಜಿ."

ಅತ್ತೆ ಅವಳ ಮುಖ ನೋಡಿ ಮಾತನ್ನು ಊಹಿಸಿದರು. "ಬಳೆಗೂ ನೋಯತ್ತೆ. ಅದು ಹಿಂಗೆ ಮುಖ ಮಾಡ್ತಾ?"

ಹುಡುಗಿ ನಗುತ್ತಾ ಕೈ ಬಿಗಿ ಮಾಡಿದಳು. ಒಂದು ಬಳೆ ಚಟಕ್ಕೆಂದಿತು.

"ಹೆಚ್ಚಾಯ್ತು," ಅಂದರು ಅತ್ತೆ.

"ಈಗ್ ತಾನೆ ರೇಟ್ ಹೇಳಿದ್ರಿ, ಅಷ್ಟರಲ್ಲೇ ಹೆಚ್ಚಾಯ್ತಾ?" ಎಂದು ಹುಡುಗಿ ನನ್ನ ಕಡೆ ತಿರುಗಿದಳು. "ಆಂಟಿ, ಇದ್ಯಾವ ನ್ಯಾಯ?"

ನಾನು ನಗು ತಡೆದುಕೊಂಡು ಹೇಳಿದೆ, ಬಳೆ ಒಡೆಯಿತು ಅನ್ನಬಾರದು, ಅದಕ್ಕೆ ಹೆಚ್ಚಾಯ್ತು ಅಂತಾರೆ ಎಂದು. ಅತ್ತೆಯ ಬಾಯಲ್ಲಿ ಒಡೆಯಿತು, ಮುಗಿಯಿತು, ತೀರಿತು ಎಂಬ ಮಾತುಗಳು ಬರುತ್ತಿರಲಿಲ್ಲ. ಮನೆಯಲ್ಲಿ ಅರಿಸಿನ ತೀರಿದರೆ ಅರಿಸಿನ ಹೆಚ್ಚಾಯ್ತು. ಅಕ್ಕಿ ತಳ ಕಂಡರೆ ಅಕ್ಕಿ ಹೆಚ್ಚಾಯ್ತು. ದೀಪ ಆರಿಸು ಎನ್ನುತ್ತಿರಲಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಇವರ ಮಾತು ನಂಬಿ ಎಣ್ಣೆ ತರದೆ ಬಂದು ಬೈಸಿಕೊಂಡದ್ದೂ ಇದೆ. ಆಮೇಲೆ ಅಭ್ಯಾಸವಾಯಿತು.

"ಏನಂತಾಳೆ?" ಎಂದು ಅತ್ತೆ ಕೇಳಿದರು. ನಾನು ಎಡಗಿವಿಗೆ ಹೇಳಿದೆ. ಅವರು ಹುಡುಗಿಯ ಕೆನ್ನೆ ತಟ್ಟಿ, "ರೇಟಲ್ಲ ಕಣೇ ಪೆದ್ದಿ, ನಿನ್ ಪುಣ್ಯ ಹೆಚ್ಚಾಯ್ತು," ಎಂದು ಇನ್ನೊಂದು ಬಳೆ ಸುಮ್ಮನೆ ತೊಡಿಸಿದರು.

ಸಂಜೆ ಚಾಮರಾಜಪೇಟೆಯ ಮನೆಗೆ ನಡೆದೇ ಹೋದೆವು. ಬಾಗಿಲಲ್ಲಿ ಮಾವ ಕಾಯುತ್ತಾ ನಿಂತಿದ್ದರು. "ಬಂದ್ರಾ ಮಹಾರಾಣಿ? ಇನ್ನೂ ಸ್ವಲ್ಪ ತಡ ಮಾಡ್ಬಹುದಿತ್ತು," ಅಂದರು.

"ಏನಂದ್ರು?" ಎಂದು ಅತ್ತೆ ನನ್ನನ್ನು ಕೇಳಿದರು.

"ಕಾಫಿ ಬೇಕಂತೆ."

"ಅಷ್ಟುದ್ದ ಮಾತಿಗೆ ಬರೀ ಕಾಫೀನಾ? ನೀನು ಅರ್ಧ ನುಂಗ್ತೀಯ ಕಣೇ," ಎಂದು ಒಳಗೆ ಹೋದರು. ಅವತ್ತು ಹುರುಳಿಕಾಯಿ ಪಲ್ಯ ಮಾಡಿದ್ದೆ. ಅದಕ್ಕಿಂತ ಹೆಚ್ಚಿನದೇನೂ ಆ ದಿನ ನಡೆಯಲಿಲ್ಲ.

ಮರುದಿನ ಅಂಗಡಿಯ ಹಲಗೆಯಿಂದ ಇಳಿಯುವಾಗ, ಹೂವಿನವರು ಎಸೆದಿದ್ದ ಒದ್ದೆ ಬಾಳೆನಾರಿನ ಮೇಲೆ ಅತ್ತೆ ಕಾಲಿಟ್ಟರು. ಜೋರಾಗಿ ಬೀಳಲಿಲ್ಲ. ನಿಧಾನಕ್ಕೆ ಕೂತ ಹಾಗೇ ಕಾಣಿಸಿತು. "ಏನಿಲ್ಲ, ಕೂತ್ಕೊಂಡೆ ಅಷ್ಟೆ. ಎಲ್ರೂ ಯಾಕ್ ಬಂದ್ರಿ, ವ್ಯಾಪಾರ ನೋಡ್ಕೊಳ್ಳಿ ಹೋಗಿ," ಎಂದು ಹೂವಿನವರಿಗೆ ಹೇಳಿದರು. ಆದರೆ ಬಲಗಾಲು ಹೊರಗಡೆಗೆ ತಿರುಗಿಕೊಂಡು ಹೋಗಿತ್ತು. ಅದನ್ನು ನೋಡಿದ ಹೂವಿನ ಮುದುಕಿ ನೋಡದವಳಂತೆ ಮುಖ ತಿರುಗಿಸಿದಳು.

ತ್ಯಾಗರಾಜನಗರದ ಕಡೆ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಮೂಳೆ ಡಾಕ್ಟರು ನನ್ನ ಗಂಡನಿಗೆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಆಪರೇಷನ್ ಮಾಡದಿದ್ದರೆ ಏಳುವುದಿಲ್ಲ, ಮಲಗಿದಲ್ಲೇ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಮಾಡಿದರೆ ವಾಕರ್ ಹಿಡಿದಾದರೂ ನಡೆಯಬಹುದು. ಆದರೆ ವಯಸ್ಸಾಗಿದೆ, ಮೈಯಲ್ಲಿ ಏನೂ ಇಲ್ಲ, ಉಬ್ಬಸ ಬೇರೆ. ಅಪಾಯ ಎರಡು ಕಡೆಗೂ ಇದೆ ಎಂದರು. ಆರಿಸಿಕೊಳ್ಳಿ ಎಂದು ಹೇಳಿದರೂ ಆರಿಸಿಕೊಳ್ಳುವುದಕ್ಕೆ ನಮಗೇನು ತಿಳಿದಿತ್ತು? ಮಾವ ಮಾತ್ರ, "ಅವಳನ್ನೇ ಕೇಳಿ," ಅಂದರು.

ನಾನು ಕೇಳಿದೆ. ಅತ್ತೆ ಹೇಳಿದ್ದು ಇಷ್ಟೇ: "ಅಂಗಡಿಗೆ ಹೋಗೋ ಹಂಗೆ ಮಾಡ್ಬಿಡೋಕೆ ಹೇಳು."

ಆಪರೇಷನ್ನಿನ ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಮತ್ತಿಕೆರೆಯಿಂದ ಸ್ಕೂಟರಿನಲ್ಲಿ ಬರುವವರು. ಆಗೆಲ್ಲ ಸಣ್ಣ ನರ್ಸಿಂಗ್ ಹೋಮುಗಳಿಗೆ ಸ್ವಂತ ಅರಿವಳಿಕೆ ಡಾಕ್ಟರು ಇರುತ್ತಿರಲಿಲ್ಲ; ಇವರು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ನಾಡಿ ನೋಡಲು ಬೆರಳಿಗೆ ಸಿಕ್ಕಿಸುವ ಸಣ್ಣ ಮೆಷಿನ್ ಅವರದೇ, ಚೀಲದಲ್ಲಿ ಟವಲ್ ಸುತ್ತಿ ತಂದಿದ್ದರು. ತಲೆ ಅರ್ಧ ನರೆತಿತ್ತು, ಮಾತು ಮೆದು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಆದರೆ ಮನೆಮಾತು ಬೇರೆ ಇರಬೇಕು. ಒಂದೊಂದು ಪದವನ್ನು ಯೋಚಿಸಿ ಇಡುತ್ತಿದ್ದರು.

ಅವರು ಅತ್ತೆಯ ಬೆನ್ನನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ವರ್ಷಗಟ್ಟಲೆ ಬಗ್ಗಿ ಬಳೆ ತೊಡಿಸಿದ ಬೆನ್ನು, ಗೂನಾಗಿತ್ತು. "ಇವರ ಎದೆಗೆ ಪೂರ್ತಿ ಮತ್ತು ಬರಿಸೋದು ಒಳ್ಳೇದಲ್ಲ," ಎಂದು ನನಗೂ ನನ್ನ ಗಂಡನಿಗೂ ಹೇಳಿದರು. "ಬೆನ್ನಿಗೆ ಒಂದು ಇಂಜೆಕ್ಷನ್ ಕೊಡ್ತೀನಿ. ಸೊಂಟದಿಂದ ಕೆಳಗೆ ಗೊತ್ತಾಗಲ್ಲ. ಇವರು ಎಚ್ಚರವಾಗೇ ಇರ್ತಾರೆ. ವಯಸ್ಸಾದೋರಿಗೆ ಔಷಧಿ ಕೆಲವು ಸಲ ನಾವು ಅಂದ್ಕೊಂಡಿದ್ದಕ್ಕಿಂತ ಮೇಲಕ್ಕೆ ಹೋಗತ್ತೆ, ಬಿಪಿ ಇಳಿಯತ್ತೆ. ಅದಕ್ಕೆ ಡೋಸ್ ಕಡಿಮೆ ಮಾಡ್ತೀನಿ, ಪಕ್ಕದಲ್ಲೇ ಇರ್ತೀನಿ, ಮಾತಾಡಿಸ್ತಾ ಇರ್ತೀನಿ. ಮೆಷಿನ್ ಹೇಳೋದಕ್ಕೆ ಮುಂಚೆ ಪೇಷೆಂಟೇ ಹೇಳ್ತಾರೆ."

"ಅವರಿಗೆ ಕೇಳಿಸಲ್ಲ ಡಾಕ್ಟ್ರೇ," ಅಂದೆ.

ಅವರು ಪರೀಕ್ಷೆ ಮಾಡಿದರು. ಎಡಗಿವಿಗೆ ಬಗ್ಗಿ, "ಅಮ್ಮಾ, ಊಟ ಆಯ್ತಾ?" ಎಂದು ಕೂಗಿದರು.

"ಇಬ್ರು. ಒಬ್ಬ ಮಗ, ಒಬ್ಳು ಮಗಳು. ಮಗಳು ತುಮಕೂರಲ್ಲಿದಾಳೆ," ಅಂದರು ಅತ್ತೆ.

ಡಾಕ್ಟರು ನಕ್ಕರು. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನಿಮ್ಮ ಮಾತು ಕೇಳಿಸತ್ತಲ್ಲ. ನೀವೇ ಒಳಗೆ ಬನ್ನಿ. ತಲೆ ಹತ್ರ ನಿಂತ್ಕೊಳ್ಳಿ. ಹೆದರ್ಕೊಳ್ಳಲ್ಲ ತಾನೆ?" ಎಂದರು. ಹೆದರುವುದಿಲ್ಲ ಎಂದೆ.

ಬೆಳಗ್ಗೆ ಥಿಯೇಟರಿನ ಬಾಗಿಲಲ್ಲಿ ಬಳೆಯ ವಿಷಯ ಬಂತು. ಸಿಸ್ಟರ್, "ಗಾಜಿನ ಬಳೆ ಇರಬಾರದು, ಒಡೆದು ತೆಗೆಯಿರಿ," ಅಂದಳು. ಅತ್ತೆಗೆ ಕೇಳಿಸಲಿಲ್ಲ, ಸದ್ಯ. ಮಾವ ಪಕ್ಕದಲ್ಲೇ ನಿಂತಿದ್ದರು, ಅವರಿಗೆ ಕೇಳಿಸಿತು. ನಾನು ಸೋಪು ತರಿಸಿಕೊಂಡು ಒಂದೊಂದಾಗಿ ತೆಗೆದೆ. ಅತ್ತೆ ಕೈಯನ್ನು ಎಷ್ಟು ಸಡಿಲ ಬಿಟ್ಟಿದ್ದರೆಂದರೆ ಕೈಯಲ್ಲಿ ಮೂಳೆಯೇ ಇಲ್ಲದ ಹಾಗಿತ್ತು. ಕೊನೆಯದು ಬಂದ ಮೇಲೆ, "ಪರವಾಗಿಲ್ಲ, ಕಲ್ತಿದೀಯ," ಎಂದರು. ಬರಿಗೈ ನೋಡಿ ಮಾವ ಹೊರಗೆ ಹೋಗಿ ನಿಂತರು. ಸಿಸ್ಟರ್ ಒಂದು ಬ್ಯಾಂಡೇಜಿನ ಬಟ್ಟೆ ಹರಿದು ಎರಡು ಮಣಿಕಟ್ಟಿಗೂ ಸುತ್ತಿದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಳಗೆ ತಣ್ಣಗಿತ್ತು. ನನಗೂ ಹಸಿರು ಗೌನು, ಟೋಪಿ, ಬಾಯಿಗೆ ಬಟ್ಟೆ. ಅತ್ತೆ ನನ್ನನ್ನು ನೋಡಿ, "ಏನೇ ಇದು ವೇಷ, ನಾಟಕದ ಕಂಪೆನಿ ಸೇರಿದ್ಯಾ?" ಅಂದರು. ಅವರನ್ನು ಎಡಗಡೆಗೆ ಹೊರಳಿಸಬೇಕಾಗಿತ್ತು. ಎಡಗಿವಿ ದಿಂಬಿಗೆ ಸೇರಿಬಿಟ್ಟಿತು. ನಾನು ಅವರ ತಲೆಯನ್ನು ನನ್ನ ಅಂಗೈಯಲ್ಲಿ ಸ್ವಲ್ಪ ಎತ್ತಿ ಹಿಡಿದು, ಕೆಳಗಿನಿಂದ ಬಾಯಿ ತೂರಿಸಿ ಹೇಳಿದೆ: "ಅತ್ತೆ, ಬೆಕ್ಕಿನ ಮರಿ ಥರ ಮುದುರ್ಕೊಳ್ಳಿ."

"ನಾನು ಮುದುರ್ಕೊಂಡೇ ಇದೀನಲ್ಲೇ, ಬಿಡಿಸೋಕೆ ಹೇಳು."

ಡಾಕ್ಟರು ಬೆನ್ನಿನ ಹಿಂದೆ ಬಹಳ ಹೊತ್ತು ಹುಡುಕಿದರು. ಗೂನಿನಲ್ಲಿ ಸಂದು ಸಿಗುತ್ತಿರಲಿಲ್ಲ. ಬೆವರು ಅವರ ಟೋಪಿಯ ಅಂಚಿಗೆ ಬಂದಿತ್ತು. ಆಮೇಲೆ ಸೂಜಿಯ ತುದಿಯಲ್ಲಿ ನೀರಿನಂಥ ಒಂದು ಹನಿ ಬಂತು. ಅದನ್ನು ನೋಡಿ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಔಷಧಿ ಸ್ವಲ್ಪವೇ ಹೋಯಿತು. ಅತ್ತೆಯನ್ನು ಮತ್ತೆ ನೆಟ್ಟಗೆ ಮಲಗಿಸಿದರು. "ಕಾಲು ಬಿಸಿ ಆಗ್ತಿದೆ," ಅಂದರು ಅತ್ತೆ. ಆಮೇಲೆ, "ಕಾಲು ಎಲ್ಲಿಟ್ರೇ ನಂದು?"

ಬೆರಳಿನ ಮೆಷಿನ್ ಟುಕ್ ಟುಕ್ ಎನ್ನುತ್ತಿತ್ತು. ಡಾಕ್ಟರು ಸಿಸ್ಟರಿಗೆ ಬಿಪಿ ನೋಡುತ್ತಲೇ ಇರಲು ಹೇಳಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅತ್ತೆಯ ಹಣೆಗೆ ಒತ್ತಿದರು. "ಇದು ತಣ್ಣಗಿದೆ ಅಲ್ವಾ? ಇದೇ ಥರ ತಣ್ಣಗೆ ಎಲ್ಲಿ ಗೊತ್ತಾಗತ್ತೆ ಅಂತ ಹೇಳ್ಬೇಕು. ಹೊಕ್ಕುಳ ತನಕ ಗೊತ್ತಾಗ್ದೇ ಇದ್ರೆ ಸಾಕು, ಅದಕ್ಕಿಂತ ಮೇಲೆ ಬೇಡ," ಎಂದು ನನಗೆ ವಿವರಿಸಿದರು. ಹತ್ತಿಯನ್ನು ಪಾದಕ್ಕೆ, ಮಂಡಿಗೆ, ತೊಡೆಗೆ ಇಟ್ಟರು. ಇಲ್ಲ, ಇಲ್ಲ, ಎಂದು ಅತ್ತೆ ತಲೆ ಆಡಿಸಿದರು. ಹೊಟ್ಟೆಗೆ ಇಟ್ಟರು.

"ಕೇಳಿ, ಹೊಟ್ಟೆ ತಣ್ಣಗಿದ್ಯಾ?"

ನಾನು ಕಿವಿಗೆ ಹೇಳಿದೆ. ಅತ್ತೆಯ ಮುಖ ಅರಳಿತು. "ತಣ್ಣಗಿದೆಯಪ್ಪ. ನಿನ್ನ ಹೊಟ್ಟೇನೂ ತಣ್ಣಗಿರ್ಲಿ. ಹೆಂಡ್ತಿ ಮಕ್ಕಳು ಚೆನ್ನಾಗಿರ್ಲಿ."

ಮೂಳೆ ಡಾಕ್ಟರು, ಸಿಸ್ಟರ್, ಎಲ್ಲರೂ ನಕ್ಕರು. ಅರಿವಳಿಕೆ ಡಾಕ್ಟರೂ ನಕ್ಕರು, ಆದರೆ ಅವರ ಕಣ್ಣು ನಗಲಿಲ್ಲ. "ಸರಿಯಾಗಿ ಕೇಳಿ," ಎಂದರು ನನಗೆ.

"ಅತ್ತೆ, ಆಶೀರ್ವಾದ ಅಲ್ಲ. ಹತ್ತಿ ಇಟ್ಟಿದಾರೆ ಹೊಟ್ಟೆ ಮೇಲೆ. ಗೊತ್ತಾಗ್ತಿದ್ಯಾ?"

"ಹತ್ತಿ ಎಲ್ಲಿದೆ? ಇಲ್ಲ."

ಹತ್ತಿ ಪಕ್ಕೆಗೆ ಬಂತು. ಇಲ್ಲ. ಎದೆಗೆ ಬಂತು. ಅತ್ತೆ ನನ್ನನ್ನೇ ನೋಡುತ್ತಿದ್ದರು. "ಇಲ್ಲಮ್ಮ," ಅಂದರು. ಹೆಗಲ ಹತ್ತಿರ ಬಂದಾಗ ಮಾತ್ರ, "ಹ್ಞೂಂ, ಇದು."

ಡಾಕ್ಟರು ಹತ್ತಿಯನ್ನು ಕೆಳಗೆ ಹಾಕಿದರು. "ಸರ್, ಶುರು ಮಾಡ್ಬೇಡಿ," ಎಂದು ಮೂಳೆ ಡಾಕ್ಟರಿಗೆ ಹೇಳಿದರು. ಸಿಸ್ಟರ್ ಬಿಪಿ ಹೇಳಿದಳು. ಅವರು ಡ್ರಿಪ್ಪನ್ನು ಪೂರ್ತಿ ಬಿಟ್ಟು ಒಂದು ಸಿರಿಂಜಿನಿಂದ ಏನನ್ನೋ ಕೊಟ್ಟರು. ಟುಕ್ ಟುಕ್ ನಿಧಾನವಾಗಿತ್ತು. "ನನ್ನ ಕೈ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳಿ," ಎಂದು ತಮ್ಮ ಎರಡು ಬೆರಳುಗಳನ್ನು ಅತ್ತೆಯ ಅಂಗೈಯಲ್ಲಿಟ್ಟರು. ನಾನು ಹೇಳಿದೆ. ಅತ್ತೆಯ ಕೈ ಮುಚ್ಚಿತು, ಆದರೆ ಹಿಡಿಯಲಿಲ್ಲ. ಜೀವನವೆಲ್ಲ ಊರ ಹೆಂಗಸರ ಕೈ ಹಿಡಿದು ಒತ್ತಿದ ಕೈ ಅದು.

ಆಗ ಅತ್ತೆ ನನ್ನ ಕಡೆಗಲ್ಲ, ಡಾಕ್ಟರ ಕಡೆಗೆ ಮುಖ ತಿರುಗಿಸಿ ಹೇಳಿದರು. ಸ್ವರ ತೆಳ್ಳಗಾಗಿತ್ತು.

"ಉಸಿರು ಹೆಚ್ಚಾಯ್ತಪ್ಪ."

"ಭಯಕ್ಕೆ ಜಾಸ್ತಿ ಆಗತ್ತಮ್ಮ. ನಿಧಾನಕ್ಕೆ ಎಳ್ಕೊಳ್ಳಿ," ಎಂದು ಡಾಕ್ಟರು ಆಕ್ಸಿಜನ್ ಕೊಳವೆಯನ್ನು ಅವರ ಮುಖಕ್ಕೆ ತರುತ್ತಾ ಹೇಳಿದರು.

"ಅಲ್ಲ ಡಾಕ್ಟ್ರೇ," ಅಂದೆ. "ಜಾಸ್ತಿ ಆಯ್ತು ಅಂತಲ್ಲ. ಉಸಿರು ಮುಗೀತಾ ಇದೆ ಅಂತಿದಾರೆ."

ಅವರು ಒಂದು ಸಲ ನನ್ನನ್ನು ನೋಡಿದರು. ಆಮೇಲೆ ನನ್ನನ್ನು ನೋಡಲಿಲ್ಲ. ಕಪ್ಪು ರಬ್ಬರಿನ ಮಾಸ್ಕನ್ನು ಅತ್ತೆಯ ಮೂಗು ಬಾಯಿ ಮುಚ್ಚುವಂತೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಅದುಮತೊಡಗಿದರು. "ಇವರನ್ನ ಹೊರಗೆ ಕಳ್ಸಿ," ಎಂದರು. ಸಿಸ್ಟರ್ ನನ್ನ ಹೆಗಲು ಹಿಡಿದಳು. ಅತ್ತೆಯ ಕಣ್ಣು ಮಾಸ್ಕಿನ ಮೇಲೆ ತೆರೆದೇ ಇತ್ತು, ನಾನು ಹೋಗುತ್ತಿರುವುದನ್ನು ನೋಡುತ್ತಿತ್ತು. ನಾನು ಬಾಗಿಲ ತನಕ ಹಿಂದೆ ಹಿಂದೆ ನಡೆದೆ. ಮಾಸ್ಕಿನ ಅಂಚಿನಲ್ಲಿ ಅವರ ಗಲ್ಲ ಅಲ್ಲಾಡುತ್ತಿತ್ತು.

ಹೊರಗೆ ಮಾವ ಬೆಂಚಿನ ಮೇಲೆ ಕೂತಿದ್ದರು. "ಆಯ್ತಾ ಇಷ್ಟು ಬೇಗ?" ಎಂದರು. ನನ್ನ ಗಂಡ ನನ್ನ ಮುಖ ನೋಡಿ ಎದ್ದು ನಿಂತರು. ನಾನು ಇನ್ನೂ ಟೋಪಿ ತೆಗೆದಿರಲಿಲ್ಲ. "ಉಸಿರಾಟಕ್ಕೆ ಸ್ವಲ್ಪ ಕಷ್ಟ ಆಗಿದೆ, ನೋಡ್ತಿದಾರೆ," ಎಂದೆ. ಒಳಗಿನಿಂದ ಟುಕ್ ಟುಕ್ ಶಬ್ದ ಕೇಳಿಸುತ್ತದೆಯೇ ಎಂದು ಬಾಗಿಲಿಗೆ ಕಿವಿ ಇಟ್ಟೆ. ಬೀದಿಯಲ್ಲಿ ಪೇಪರಿನವನು ಹಳೇ ಪೇಪರ್ ಎಂದು ಕೂಗಿಕೊಂಡು ಹೋಗುತ್ತಿದ್ದ. ಅವನಿಗೆ ಸುಮ್ಮನಿರಪ್ಪ ಎಂದು ಹೇಳಬೇಕು ಅನ್ನಿಸಿತು. ಒಬ್ಬ ಸಿಸ್ಟರ್ ಓಡಿ ಬಂದು ಏನೋ ತೆಗೆದುಕೊಂಡು ಓಡಿ ಒಳಗೆ ಹೋದಳು. ನಾನು ದೇವರನ್ನೂ ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳಲು ಪದ ಸಿಗಲಿಲ್ಲ.

ಅರಿವಳಿಕೆ ಡಾಕ್ಟರೇ ಹೊರಗೆ ಬಂದು ಹೇಳಿದರು. ಮಾವನ ಎದುರು ಮಂಡಿಯೂರಿ ಕೂತು, ಅವರ ಕೈ ಹಿಡಿದುಕೊಂಡು ಹೇಳಿದರು. ಮಾವ ನನ್ನ ಕಡೆ ತಿರುಗಿ, "ಏನಂದ್ರು?" ಎಂದು ಕೇಳಿದರು. ಮಾವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು.

ಮುತ್ತೈದೆಯಾಗಿ ಹೋದರು, ಪುಣ್ಯವಂತೆ, ಎಂದು ಬಂದವರೆಲ್ಲ ಹೇಳಿದರು. ಅವರ ಕೈಗೆ ಹಸಿರು ಬಳೆ ತೊಡಿಸುವ ಕೆಲಸ ನನ್ನದಾಯಿತು. ಬೇರೆ ಯಾರೂ ಮುಂದೆ ಬರಲಿಲ್ಲ. ಒಂದು ಬಳೆಯೂ ಒಡೆಯದಂತೆ ತೊಡಿಸಿದೆ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲು ನನ್ನಿಂದಾಗದು.

ತಿಂಗಳು ಕಳೆದ ಮೇಲೆ ನಾನೂ ನನ್ನ ಗಂಡನೂ ಆ ಡಾಕ್ಟರನ್ನು ನೋಡಲು ಅದೇ ನರ್ಸಿಂಗ್ ಹೋಮಿಗೆ ಹೋದೆವು. ಜಗಳಕ್ಕಲ್ಲ. ನಮ್ಮ ನೆಂಟರು ಕೆಲವರು ಕೇಸು ಹಾಕಿ ಎಂದಿದ್ದರು. ನನ್ನ ಗಂಡ, "ಅವರೂ ಅತ್ತಿದ್ದನ್ನ ನಾನು ನೋಡಿದೀನಿ," ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟರು. ನನಗೆ ಕೇಳುವುದಿತ್ತು. ಡಾಕ್ಟರು ನಮ್ಮನ್ನು ಒಂದು ಖಾಲಿ ವಾರ್ಡಿನಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿದರು.

"ನಾನು ಅರ್ಥ ಹೇಳೋದು ತಡ ಆಯ್ತಾ ಡಾಕ್ಟ್ರೇ?"

"ಇಲ್ಲಮ್ಮ," ಎಂದರು ತಕ್ಷಣ. "ಅವರ ಕೈ ಹಿಡಿದಾಗ್ಲೇ ನಂಗೆ ಗೊತ್ತಾಗಿತ್ತು. ಆ ಪದ ನಂಗೆ ತಿಳೀಲಿಲ್ಲ, ನಿಜ. ತಿಳಿದಿದ್ರೂ ಮಾಡೋದು ಅದೇ. ಡೋಸ್ ಕಡಿಮೇನೇ ಕೊಟ್ಟಿದ್ದೆ. ಆದ್ರೂ ಮೇಲಕ್ಕೆ ಹೋಯ್ತು. ಒಳಗೆ ಹೋಗಿದ್ದನ್ನ ವಾಪಸ್ ತೆಗೆಯೋಕಾಗಲ್ಲ. ಅದು ಇಳಿಯೋ ತನಕ ನಾವು ಅವರಿಗೋಸ್ಕರ ಉಸಿರಾಡ್ಬೇಕು, ಅಷ್ಟೆ. ಉಸಿರಾಡಿಸಿದ್ವಿ. ಹೃದಯ ತಡ್ಕೊಳ್ಲಿಲ್ಲ."

ಅವರು ಕಾಯಿಸದೆ, ಮುಚ್ಚದೆ ಹೇಳಿದರು. ನನ್ನ ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪು ಯಾರದಾದರೂ ಆಗಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅವರು ಮಾಡಬೇಕಾದ್ದನ್ನು ಮಾಡಿದ್ದರು. ನಾನೂ ನನ್ನ ಕೆಲಸ ಮಾಡಿದ್ದೆ: ಅತ್ತೆ ಹೇಳಿದ್ದನ್ನು ಸರಿಯಾಗಿ ತಿಳಿದುಕೊಂಡು ಸರಿಯಾಗಿ ತಿಳಿಸಿದ್ದೆ. ಅದರಿಂದ ಏನೂ ಆಗಲಿಲ್ಲ.

ಏಳುವ ಮೊದಲು ಇನ್ನೊಂದು ಕೇಳಿದೆ. "ನಾನು ಹೊರಗೆ ಹೋದ್ಮೇಲೆ ಅವರು ಏನಾದ್ರೂ ಅಂದ್ರಾ?"

"ಅಂತಿದ್ರು. ಪ್ರಜ್ಞೆ ಹೋಗೋ ತನಕ ಮಾಸ್ಕ್ ಒಳಗೆ ತುಟಿ ಆಡ್ತಾನೇ ಇತ್ತು. ಸ್ವರ ಬರ್ತಿರ್ಲಿಲ್ಲ, ಎದೇಲಿ ಗಾಳಿ ಇಲ್ದೆ ಸ್ವರ ಬರಲ್ಲ. ನಾನು ಹತ್ರ ಬಗ್ಗಿದೆ. ಏನೂ ಕೇಳಿಸ್ಲಿಲ್ಲಮ್ಮ. ಮಾಸ್ಕ್ ಎತ್ತೋ ಹಾಗೂ ಇರ್ಲಿಲ್ಲ."

ಅತ್ತೆ ಆಗ ಏನು ಹೇಳಿದರೆಂದು ನನಗೆ ಗೊತ್ತಿಲ್ಲ. ಗೊತ್ತಿರುವವರು ಯಾರೂ ಇಲ್ಲ.